ಅಡಿಗೆಮನೆಯ ನೂರರ ಬಲ್ಬು

ಯಾರ ಮನೆಗೆ ಹೋದರೂ ಅವರ ಅಡಿಗೆಮನೆಗೆ ಇಣುಕುವ ಒಂದು ಕೆಟ್ಟ ಚಾಳಿ ನನಗಿದೆ. ಕಾಫಿ ಮಾಡಲು ಒಳಗೆ ಹೋದವರ ಹಿಂದೆಯೇ ಎದ್ದು ಹೋಗಿ, ಬಾಗಿಲಿನ ದಾರಂದ ಹಿಡಿದು ನಿಂತು, ಕತ್ತೆತ್ತಿ ಒಮ್ಮೆ ಬಲ್ಬು ನೋಡಿಕೊಂಡು ವಾಪಸು ಬರುತ್ತೇನೆ. ಕಂಡವರು ಅವರವರಿಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡಿದ್ದಾರೆ. ಒಬ್ಬರು ನನಗೆ ಹಸಿವಾಗಿದೆ ಎಂದು ತಿಳಿದು ಅವಲಕ್ಕಿ ಕಲಸಿ ಕೊಟ್ಟರು. ಗುಲ್ವಾಡಿಯಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರ ಹೆಂಡತಿ, ‘ಮಾಷ್ಟ್ರೆ, ಇವತ್ತ್ ಸೋಮವಾರ, ಮೀನ್ ಮಾಡ್ಲಿಲ್ಲೆ’ ಎಂದು ನಾನು ಕೇಳುವ ಮೊದಲೇ ಹೇಳಿ ಮುಗಿಸಿದರು. ನಾನು ಬಲ್ಬು ನೋಡಲು ಬಂದವನು ಎಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಈಗೀಗ ಹೇಳುವುದನ್ನೂ ಬಿಟ್ಟಿದ್ದೇನೆ. ವಯಸ್ಸಾದ ಹಾಗೆ ಮನುಷ್ಯನಿಗೆ ತನ್ನನ್ನು ವಿವರಿಸಿಕೊಳ್ಳುವುದೇ ಒಂದು ದಣಿವು.

ನಿಮ್ಮ ಹತ್ತಿರ ಹೇಳಬಹುದು. ಇದು ನನ್ನ ಅಮ್ಮನ ಕಣ್ಣಿನ ವಿಷಯ. ‘ನಿನ್ನ ಕಣ್ಣು ಹೋಯಿತು’ ಎಂದು ಅವಳಿಗೆ ಹೇಳಿದವನು ನಾನು. ಡಾಕ್ಟರಲ್ಲ, ವೈದ್ಯನಲ್ಲ, ಹೈಸ್ಕೂಲಿನ ವಿಜ್ಞಾನದ ಮಾಷ್ಟ್ರು. ಅವಳು ಅದನ್ನು ಏಳು ವರ್ಷ ನಂಬಿದಳು.

ವಿಜ್ಞಾನದ ಮಾಷ್ಟ್ರು ಎಂದರೂ ನಾನು ಓದಿದ್ದು ರಸಾಯನ, ಸಸ್ಯ, ಪ್ರಾಣಿ. ಕಪ್ಪೆಯನ್ನು ಮೇಣದ ತಟ್ಟೆಯಲ್ಲಿ ಅಂಗಾತ ಮಲಗಿಸಿ ಸೂಜಿ ಚುಚ್ಚುವುದರಲ್ಲಿ ಕಾಲೇಜಿಗೇ ಹೆಸರಾಗಿದ್ದೆ. ತೊಂಬತ್ತೇಳರಲ್ಲಿ ಬೈಂದೂರು ಕಡೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಹೋದ ದಿನವೇ ಹೆಡ್ ಮಾಷ್ಟ್ರು ನನ್ನ ಕೈಗೆ ಹತ್ತನೇ ತರಗತಿಯ ಪುಸ್ತಕ ಕೊಟ್ಟು, ‘ಭೌತಶಾಸ್ತ್ರಕ್ಕೆ ಜನ ಇಲ್ಲ, ನೀವೇ ಸುಧಾರಿಸಿ’ ಎಂದರು. ಪುಸ್ತಕ ಬಿಡಿಸಿದರೆ ವಿದ್ಯುತ್ ಮಂಡಲ, ಸರಣಿ ಜೋಡಣೆ, ಸಮಾಂತರ ಜೋಡಣೆ. ಹಲ್ಲಿನ ಹಾಗಿರುವ ಗೆರೆಗಳು, ಗಿಡ್ಡ ಉದ್ದ ಕಡ್ಡಿಗಳು, ಬಾಣಗಳು. ಕುಂಭಾಶಿಯ ನನ್ನ ಮನೆಯಿಂದ ಬೈಂದೂರಿಗೆ ಎರಡು ಬಸ್ಸು. ಸೀಟು ಸಿಕ್ಕಿದ ದಿನ ಆ ಚಿತ್ರಗಳನ್ನು ನೋಡುತ್ತಿದ್ದೆ, ಸಿಗದ ದಿನ ಅವುಗಳನ್ನು ನೆನೆದು ಹೆದರುತ್ತಿದ್ದೆ.

ಕೊನೆಗೆ ನನಗೆ ಪಾಠ ಹೇಳಿದ್ದು ನೆರೆಮನೆಯ ಬಾಬಣ್ಣ. ಮೀನುಗಾರಿಕೆಯ ಬೋಟುಗಳಿಗೆ ವೈರಿಂಗ್ ಮಾಡುವುದು ಅವನ ಕಸುಬು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಒಂದು ಭಾನುವಾರ ನಾನು ಪುಸ್ತಕ ಹಿಡಿದುಕೊಂಡು ಅವನ ಜಗಲಿಗೆ ಹೋದೆ. ಅವನು ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ನನಗೇ ವಾಪಸು ಕೊಟ್ಟ.

‘ಹ್ವಾಯ್ ಮಾಷ್ಟ್ರೆ, ಇದ್ರಂಗೆ ಹೆದ್ರುಕೆ ಎಂತ ಇತ್ತ್? ಬೋಟಂಗೆ ಹನ್ನೆರ್ಡ್ ವೋಲ್ಟಿನ್ ಬ್ಯಾಟ್ರಿ ಎರ್ಡ್ ಇರತ್ತ್. ಒಂದ್ರ ಬಾಲಕ್ಕೆ ಇನ್ನೊಂದ್ರ ತಲಿ ಕಟ್ರೆ ಇಪ್ಪತ್ನಾಲ್ಕ್. ಅದ್ ನಿಮ್ ಸರಣಿ. ತಲಿಗೆ ತಲಿ, ಬಾಲಕ್ಕೆ ಬಾಲ ಕಟ್ರೆ ಹನ್ನೆರ್ಡೇ, ಆರೆ ಬಾಳ ಹೊತ್ತ್ ಬತ್ತ್. ಅದ್ ಇನ್ನೊಂದ್.’

‘ಬಲ್ಬು?’ ಎಂದೆ.

‘ಕಾರಿನ್ ಸಾಮಾನಿನ್ ಅಂಗ್ಡಿಯಂಗೆ ಸಿಕ್ಕುದ್ ಹನ್ನೆರ್ಡರ ಬಲ್ಬ್. ಇಪ್ಪತ್ನಾಲ್ಕಕ್ಕೆ ಒಂಟಿ ಕೊಟ್ರೆ ಟಪ್ ಅಂದ್ ಹೋತ್ತ್. ಜೋಡಿ ಹಾಕ್ಕ್, ಒಂದ್ರ ಹಿಂದೊಂದ್. ಆಗ ಎರ್ಡಕ್ಕೂ ಆಯುಷ್ಯ ಗಟ್ಟಿ.’

ಮೂರು ತಿಂಗಳಿಂದ ನನ್ನ ತಲೆಗೆ ಹತ್ತದಿದ್ದದ್ದು ಐದು ನಿಮಿಷಕ್ಕೆ ಹತ್ತಿತು. ಸರಣಿಯಲ್ಲಿ ವೋಲ್ಟೇಜು ಹಂಚಿಹೋಗುತ್ತದೆ, ಸಮಾಂತರದಲ್ಲಿ ಎಲ್ಲರಿಗೂ ಪೂರ್ತಿ ಸಿಗುತ್ತದೆ. ಮರುದಿನ ತರಗತಿಯಲ್ಲಿ ನಾನು ಹುಟ್ಟಿನಿಂದಲೇ ಭೌತಶಾಸ್ತ್ರ ಓದಿದವನ ಹಾಗೆ ನಡೆದುಕೊಂಡೆ. ದೇವಸ್ಥಾನದ ಊಟದ ಪಂಕ್ತಿಯನ್ನು ಉದಾಹರಣೆ ಕೊಟ್ಟೆ. ಉದ್ದದ ಒಂದೇ ಪಂಕ್ತಿಗೆ ಒಂದೇ ಬಕೆಟು ಸಾರು ಬಂದರೆ ಸರಣಿ, ಪಂಕ್ತಿಗೊಂದು ತುಂಬಿದ ಬಕೆಟು ಬಂದರೆ ಸಮಾಂತರ. ಮಕ್ಕಳಿಗೆ ಸಾರು ಮಾತ್ರ ನೆನಪುಳಿಯಿತು.

ಆಮೇಲೆ ಕೊಕ್ಕರ್ಣೆ ಕಡೆಗೆ ವರ್ಗವಾಯಿತು. ಅಲ್ಲೊಬ್ಬಳು ಹುಡುಗಿ ಉತ್ತರಪತ್ರಿಕೆಯಲ್ಲಿ ಬರೆದಿದ್ದಳು, ‘ಸರಣಿ ಜೋಡಣೆಯಲ್ಲಿ ಒಂದು ಬಲ್ಬು ಹೋದರೆ ಎಲ್ಲ ಬಲ್ಬುಗಳಿಗೂ ಸೂತಕ. ಸಮಾಂತರದಲ್ಲಿ ಪಾಲಾಗಿರುವುದರಿಂದ ಸೂತಕ ಇಲ್ಲ.’ ಎರಡು ಅಂಕದ ಪ್ರಶ್ನೆಗೆ ಎರಡೂ ಕೊಟ್ಟೆ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಿರಲಿಲ್ಲ, ಪುಸ್ತಕವೂ ಹೇಳಿರಲಿಲ್ಲ.

ಆ ಪಾಠದಲ್ಲಿ ಪ್ರತಿವರ್ಷ ತಪ್ಪದೆ ಬರುವ ಒಂದು ಪ್ರಶ್ನೆಯಿದೆ. ನಲವತ್ತು ವಾಟಿನ ಒಂದು ಬಲ್ಬು, ನೂರು ವಾಟಿನ ಒಂದು ಬಲ್ಬು, ಎರಡನ್ನೂ ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಇಡೀ ತರಗತಿ ನೂರು ಎನ್ನುತ್ತದೆ. ನಾನು ಚಾಕ್‌ಪೀಸು ಹಿಡಿದುಕೊಂಡು ಬೆಂಚುಗಳ ನಡುವೆ ಒಂದು ಸುತ್ತು ಬರುತ್ತಿದ್ದೆ. ಆಮೇಲೆ, ತಪ್ಪು, ನಲವತ್ತು ಎನ್ನುತ್ತಿದ್ದೆ. ನಲವತ್ತರದ್ದು ತೆಳು ತಂತಿ, ಅದರ ರೋಧ ಜಾಸ್ತಿ, ಸರಣಿಯಲ್ಲಿ ರೋಧ ಜಾಸ್ತಿ ಇರುವವನಿಗೇ ವೋಲ್ಟೇಜಿನ ದೊಡ್ಡ ಪಾಲು. ನೂರರದ್ದು ಕೆಂಪಗೆ ಮಿಣುಕುತ್ತದೆ ಅಷ್ಟೆ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಮಾಷ್ಟ್ರ ಬದುಕಿನಲ್ಲಿ ಅಂಥ ಗಳಿಗೆಗಳು ಕಡಿಮೆ, ಹಾಗಾಗಿ ನಾನು ಆ ಪ್ರಶ್ನೆಗಾಗಿ ಕಾಯುತ್ತಿದ್ದೆ. ಈಗ ಅದು ಬಂದ ದಿನ ಉತ್ತರವನ್ನು ಬೋರ್ಡಿನ ಮೇಲೆ ಬರೆದು ಬೇಗ ಮುಂದಿನ ಪ್ರಶ್ನೆಗೆ ಹೋಗುತ್ತೇನೆ.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ, ಅಮ್ಮ ಮತ್ತು ನಾನು. ಅಪ್ಪ ನಾನು ಕಾಲೇಜಿನಲ್ಲಿರುವಾಗಲೇ ಹೋಗಿದ್ದರು. ನನಗೆ ಮದುವೆಯಾಗಲಿಲ್ಲ, ಅದು ಬೇರೆಯೇ ಪ್ರಬಂಧ. ಅಮ್ಮ ಮೀನಿನ ಹೆಡಿಗೆ ಹೊತ್ತು ನನ್ನನ್ನು ಓದಿಸಿದವಳು. ಬೆಳಕು ಹರಿಯುವ ಮೊದಲೇ ಕೋಡಿಯ ಕಡಲ ದಡದಲ್ಲಿರುತ್ತಿದ್ದಳು. ಬಂಗಡೆಯ ಕಿವಿರು ಎತ್ತಿ ಒಮ್ಮೆ ನೋಡಿದರೆ ಮುಗಿಯಿತು, ಅದು ನಿನ್ನೆಯದೋ ಇವತ್ತಿನದೋ ಅವಳಿಗೆ ಗೊತ್ತು. ಕೋಟೇಶ್ವರದ ಕೆಲವು ಮನೆಗಳವರು ಅವಳು ಬಾರದ ದಿನ ಮೀನನ್ನೇ ತಿನ್ನುತ್ತಿರಲಿಲ್ಲ. ಮಗನಿಗೆ ಸರಕಾರಿ ಕೆಲಸ ಸಿಕ್ಕಿದ ಮೇಲೂ ಹೆಡಿಗೆ ಬಿಡಲಿಲ್ಲ. ನಾನೂ ಬಿಡು ಎನ್ನಲಿಲ್ಲ. ಅವಳಿಗೆ ಅದು ಸಂಬಳಕ್ಕಿಂತ ಹೆಚ್ಚಿನದು ಎಂದು ನನಗೆ ತಿಳಿದಿತ್ತು. ಇಷ್ಟಾದರೂ ತಿಳಿದಿತ್ತು ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಅಡಿಗೆಮನೆಯ ಹಿಂದಿನ ಬಚ್ಚಲಿಗೆ ಒಂದು ದೀಪ ಬೇಕೆನಿಸಿತು. ಅಷ್ಟಕ್ಕೆ ಕಂಟ್ರಾಕ್ಟರನ್ನು ಯಾಕೆ ಕರೆಯುವುದು ಎಂದು ಬಾಬಣ್ಣನಿಗೆ ಹೇಳಿದೆ. ಅವನು ಅಡಿಗೆಮನೆಯ ಬಲ್ಬಿಗೆ ಹೋಗುವ ವೈರಿನಿಂದಲೇ ಬಚ್ಚಲಿಗೆ ಎಳೆದು, ಒಂದೇ ಸ್ವಿಚ್ಚಿಗೆ ಎರಡೂ ಹೊತ್ತುವ ಹಾಗೆ ಮಾಡಿಕೊಟ್ಟ. ‘ಜೋಡಿ ಹಾಕಿದ್ದೆ ಮಾಷ್ಟ್ರೆ, ಇನ್ನ್ ಬಲ್ಬ್ ಹೋಪ್ಕಿಲ್ಲೆ’ ಎಂದ. ಹೋಗಲೂ ಇಲ್ಲ. ಚಾವಡಿಯ ಬಲ್ಬು ವರ್ಷಕ್ಕೆರಡು ಸುಟ್ಟರೆ ಆ ಎರಡು ಬಲ್ಬು ಹಾಕಿದ್ದೇ ಹಾಕಿದ್ದು. ಬಾಬಣ್ಣನ ಕೈಗುಣ ಎಂದು ನಾನು ಶಾಲೆಯಲ್ಲೂ ಹೊಗಳಿದ್ದೇನೆ. ಬೆಳಕು ಕಡಿಮೆಯಿತ್ತು, ನಿಜ. ಆದರೆ ನಮ್ಮದು ಕರೆಂಟಿನ ಲೈನಿಗೆ ಕೊನೆಯ ಮನೆ. ಸಂಜೆಯಾದರೆ ವೋಲ್ಟೇಜು ಇಳಿಯುವುದು ಸೂರ್ಯ ಇಳಿದಷ್ಟೇ ಸಹಜ. ಅಡಿಗೆಮನೆಗೆ ಒಲೆಯ ಹೊಗೆ ಬೇರೆ. ಬೆಳಕು ಯಾಕೆ ಕಡಿಮೆ ಎಂದು ಕೇಳುವ ಅಭ್ಯಾಸವೇ ನಮಗಿರಲಿಲ್ಲ.

ಐದಾರು ವರ್ಷ ಕಳೆದ ಮೇಲೆ ಅಮ್ಮ ಕೇಳಿದಳು. ‘ಮಗಾ, ಅಡ್ಗಿಮನಿಯಂಗೆ ಬೆಳ್ಕೇ ಇಲ್ಲೆ ಮಾರಾಯ. ಬೈಗಿ ಮೀನ್ ಕೊಯ್ಯುಕೆ ಆತಿಲ್ಲೆ.’ ಸಾರಿನಲ್ಲಿ ಮೀನಿನ ಹುರುಪೆ ಸಿಗುತ್ತಿತ್ತು, ಅದಕ್ಕೆ ನಾನು ಗೊಣಗಿದ್ದೆ. ಪೇಟೆಯಿಂದ ನೂರರ ಬಲ್ಬು ತಂದು ಭಾನುವಾರ ಮಧ್ಯಾಹ್ನ ಅಲ್ಲಿದ್ದ ಅರವತ್ತರದ್ದನ್ನು ತೆಗೆದು ಅದರ ಜಾಗಕ್ಕೆ ಹಾಕಿದೆ. ಮಾತೃಸೇವೆ ಮುಗಿಯಿತು ಎಂದು ಮಲಗಿದೆ. ಸಂಜೆ ದೀಪ ಹಾಕಿದ ಮೇಲೆ ಅಮ್ಮ ಚಾವಡಿಗೆ ಬಂದು ನಿಂತಳು.

‘ಎಂತ ಹಾಕ್ದೆ ನೀನ್? ಮೊದ್ಲಿಗಿಂತ ಕಪ್ಪಾಯ್ತಲ್ದಾ. ಬಚ್ಲಂಗೆ ಮಾತ್ರ ಹಗ್ಲಾಯಿತ್.’

ಬಚ್ಚಲಿನಲ್ಲಿದ್ದದ್ದು ನಲವತ್ತರ ಬಲ್ಬು. ಹತ್ತನೇ ತರಗತಿಯ ಪ್ರಶ್ನೆ, ಅಂಕಿಗಳ ಸಮೇತ, ನನ್ನ ಎದುರು ಬಂದು ನಿಂತು ಕುಂದಾಪ್ರ ಕನ್ನಡದಲ್ಲಿ ಉತ್ತರವನ್ನೂ ಹೇಳಿತ್ತು. ನನಗೆ ನಗು ಬಂತು. ನೂರರ ಬಲ್ಬು ಹಾಕಿದರೆ ಕತ್ತಲಾಗುತ್ತದೆಯೇ? ಎದ್ದು ಹೋಗಿ ನೋಡಲೂ ಇಲ್ಲ. ನಮ್ಮ ಕಡೆ ಗಂಡಸರು ಒಲೆಯ ಹತ್ತಿರ ಸುಳಿಯುವುದಿಲ್ಲ, ಬಟ್ಟಲು ಚಾವಡಿಗೇ ಬರುತ್ತದೆ. ಚಾವಡಿಯಲ್ಲಿ ನನಗೆ ಟ್ಯೂಬ್ ಲೈಟು. ಕುತ್ತಿಗೆ ಚಾಚಿದಾಗ ದೂರದಲ್ಲಿ ಕೆಂಪಗೆ ಏನೋ ಕಂಡಿತು. ಒಲೆಯಿರಬೇಕು, ವೋಲ್ಟೇಜೂ ಇಲ್ಲ ಎಂದುಕೊಂಡೆ. ಅವತ್ತು ಕೊಕ್ಕರ್ಣೆಯಿಂದ ತಂದ ಉತ್ತರಪತ್ರಿಕೆಗಳ ಕಟ್ಟು ಮುಂದಿತ್ತು. ನನಗೆ ದಣಿವಾಗಿತ್ತು.

‘ನೂರರ ಬಲ್ಬ್ ಹಾಕ್ರೂ ಕಾಂತಿಲ್ಲೆ ಅಂದ್ರೆ ಬಲ್ಬಿನ್ ತಪ್ಪಲ್ಲ ಅಮ್ಮ. ನಿನ್ ಕಣ್ಣ್ ಹೋಯ್ತ್’ ಎಂದೆ.

‘ಹೌದಾ? ಇಪ್ಪುಕೂ ಸಾಕ್’ ಎಂದು, ಇರಲೂಬಹುದು ಎನ್ನುವ ಹಾಗೆ ತಲೆಯಾಡಿಸಿ, ಅವಳು ಒಳಗೆ ಹೋದಳು.

ಆ ವರ್ಷ ಒಂದು ಶಿಬಿರದಲ್ಲಿ ಅವಳ ಕಣ್ಣು ತೋರಿಸಿದೆ. ಡಾಕ್ಟರು, ‘ವಯಸ್ಸಿಗೆ ಸರಿಯಾಗಿದೆ, ಓದುವವರಾದರೆ ಕನ್ನಡಕ ಕೊಡಬಹುದು’ ಎಂದರು. ಅಮ್ಮನಿಗೆ ಓದು ಬಾರದು. ಡಾಕ್ಟರು ಹೇಳಿದ್ದರಲ್ಲಿ ವಯಸ್ಸು ಎಂಬ ಶಬ್ದವನ್ನಷ್ಟೇ ನಾನು ಮನೆಗೆ ತಂದೆ. ಅಮ್ಮ ಮೆಲ್ಲನೆ ಒಂದೊಂದಾಗಿ ಬಿಟ್ಟಳು. ಸಂಜೆ ಮೀನು ಕೊಯ್ಯುವುದನ್ನು ಬಿಟ್ಟು ಮಧ್ಯಾಹ್ನವೇ ಕೊಯ್ದಿಡತೊಡಗಿದಳು. ಕತ್ತಲಾದ ಮೇಲೆ ಒಲೆಯ ಮುಂದೆ ಕೈಯಿಂದ ತಡವರಿಸುತ್ತಿದ್ದಳು. ಮರುವರ್ಷ ಕೋಟೇಶ್ವರದ ಯಾರೋ ಒಬ್ಬರು, ‘ಎಂತ ಮಾರಾಯ್ತಿ, ಇವತ್ತಿನ್ ಬಂಗ್ಡಿ ಮೆತ್ತಗಿತ್ತಲೆ’ ಎಂದು ತಮಾಷೆಗೆ ಹೇಳಿದರಂತೆ. ಮೂವತ್ತು ವರ್ಷದಲ್ಲಿ ಅಂಥ ಮಾತು ಅವಳು ಎಷ್ಟು ಕೇಳಿರಲಿಕ್ಕಿಲ್ಲ, ಎಷ್ಟಕ್ಕೆ ತಿರುಗಿ ಬೈದಿರಲಿಕ್ಕಿಲ್ಲ. ಅವತ್ತು ಬೈಯಲಿಲ್ಲ. ಮನೆಗೆ ಬಂದು ಹೆಡಿಗೆ ತೊಳೆದು ಕವುಚಿ ಹಾಕಿದಳು. ‘ಕಣ್ ಇಲ್ದಿದ್ದವ್ಳ್ ಮೀನ್ ಮಾರುಕಾಗ’ ಎಂದಳು. ನಾನು, ಸಾಕು ಬಿಡು, ಎಷ್ಟು ದಿನ ಅಂತ ದುಡಿಯುತ್ತೀ ಎಂದೆ. ಒಳ್ಳೆಯ ಮಗನ ಮಾತಿನ ಹಾಗೆಯೇ ಇತ್ತು ಅದು.

ಹೀಗೆ ಏಳು ವರ್ಷ. ಆ ಏಳು ವರ್ಷವೂ ನಾನು ಹತ್ತನೇ ತರಗತಿಗೆ ನಲವತ್ತು ಮತ್ತು ನೂರರ ಲೆಕ್ಕ ಹೇಳಿದೆ. ಸಂಜೆ ಬಸ್ಸಿಳಿದು ಬಂದು, ಅಂಗಳದಿಂದ ಸುತ್ತಿ ಹೋಗಿ, ಒಳ್ಳೆಯ ಬೆಳಕಿರುವ ಬಚ್ಚಲಿನಲ್ಲಿ ಬಿಸಿನೀರು ಮೀಯುತ್ತಿದ್ದೆ. ಒಮ್ಮೆ ಸ್ಟಾಫ್ ರೂಮಿನಲ್ಲಿ, ನೂರರ ಬಲ್ಬು ಹಾಕಿದರೆ ಕತ್ತಲಾಯಿತು ಎನ್ನುತ್ತಾಳೆ ನಮ್ಮಮ್ಮ ಎಂದು ಹೇಳಿ ನಗಿಸಿದ್ದೂ ಉಂಟು. ಅಲ್ಲಿ ಗಣಿತದವರಿದ್ದರು, ಕನ್ನಡದವರಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಊರಿಗೆಲ್ಲ ಸಿಎಫ್ಎಲ್ ಬಲ್ಬು ಬಂತು. ಕರೆಂಟು ಉಳಿಯುತ್ತದೆ ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳಿದ ಮೇಲೆ ಮನೆಗೂ ತರಬೇಕಾಯಿತು. ಒಂದನ್ನು ತಂದು ಬಚ್ಚಲಿಗೆ ಹಾಕಿದೆ. ಅಮ್ಮನಿಗೆ ಹೇಗೂ ಕಾಣುವುದಿಲ್ಲ, ಅಡಿಗೆಮನೆಗೆ ಯಾಕೆ ಎಂದು ಯೋಚಿಸಿದ್ದೆನೋ ಏನೋ, ಈಗ ಕೇಳಬೇಡಿ. ಸಂಜೆ ಸ್ವಿಚ್ಚು ಹಾಕಿದರೆ ಬಚ್ಚಲು ಬೆಳ್ಳಗೆ ಬೆಳಗಿತು. ಒಳಗಿನಿಂದ ಅಮ್ಮ ಕೂಗಿದಳು, ‘ಹ್ವಾಯ್, ಅಡ್ಗಿಮನಿ ಬಲ್ಬ್ ಪೂರಾ ಹೋಯ್ತ್ ಕಾಣ್.’

ಬಾಬಣ್ಣ ವೈರು ಎಳೆದುಕೊಟ್ಟ ಮೇಲಿನ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ದೀಪ ಹೊತ್ತುವ ಸಮಯದಲ್ಲಿ ನಾನು ಆ ಅಡಿಗೆಮನೆಯೊಳಗೆ ಹೋದೆ. ಒಲೆಯ ಬೆಂಕಿಯಲ್ಲಿ ಅಮ್ಮನ ಕೈ ಮಾತ್ರ ಕಾಣುತ್ತಿತ್ತು. ಸ್ಟೂಲು ಹತ್ತಿ, ಹೋದ ಬಲ್ಬಲ್ಲವೇ ಎಂದು ಸ್ವಿಚ್ಚು ಆರಿಸದೆಯೇ ನೂರರದ್ದನ್ನು ತಿರುಗಿಸಿ ತೆಗೆದೆ. ಮಕ್ಕಳಿಗೆ ಮಾಡಬೇಡಿ ಎನ್ನುವುದನ್ನೆಲ್ಲ ನಾನು ಮನೆಯಲ್ಲಿ ಮಾಡುತ್ತೇನೆ. ಬಲ್ಬು ಕೈಗೆ ಬಂದದ್ದೇ ಬಚ್ಚಲಿನ ಬೆಳಕು ಹೋಯಿತು. ವಾಪಸು ಸಿಕ್ಕಿಸಿದೆ. ಬಚ್ಚಲು ಬೆಳಗಿತು. ತೆಗೆದೆ, ಹೋಯಿತು. ಬಲ್ಬನ್ನು ಒಲೆಯ ಬೆಳಕಿಗೆ ಹಿಡಿದು ನೋಡಿದೆ. ತಂತಿ ಸರಿಯಾಗಿಯೇ ಇತ್ತು. ಎರಡೂ ಸರಣಿಯಲ್ಲಿದ್ದವು, ಸಿಎಫ್ಎಲ್ ಎಳೆಯುವ ಚೂರು ಕರೆಂಟು ನೂರರದ್ದು ಕೆಂಪಗಾಗಲೂ ಸಾಲದಾಗಿತ್ತು.

‘ಎಂತ ಆಯ್ತ್ ಮಗಾ?’ ಎಂದು ಅಮ್ಮ ಎರಡು ಸಲ ಕೇಳಿದಳು. ಇಪ್ಪತ್ನಾಲ್ಕು ವೋಲ್ಟಿನ ಬೋಟಿನಲ್ಲಿ ಹನ್ನೆರಡರ ಬಲ್ಬುಗಳನ್ನು ಉಳಿಸಲು ಮಾಡುವ ಉಪಾಯವನ್ನು ಬಾಬಣ್ಣ ನಮ್ಮ ಮನೆಗೂ ಮಾಡಿದ್ದ. ಮನೆಯ ಬಲ್ಬಿಗೆ ಪೂರ್ತಿ ವೋಲ್ಟೇಜೇ ಬೇಕು ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಬೇಕಿತ್ತು. ಅವನಿಂದಲೇ ಕಲಿತು, ಕಲಿತದ್ದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದವನು ನಾನು.

ಭಾನುವಾರ ಮೈನ್ ಆರಿಸಿ, ಪುಸ್ತಕದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ನಾನೇ ಆ ಎರಡು ಬಲ್ಬುಗಳನ್ನು ಬೇರೆ ಬೇರೆ ಮಾಡಿದೆ. ಅರ್ಧ ಗಂಟೆಯ ಕೆಲಸಕ್ಕೆ ಇಡೀ ದಿನ ಹಿಡಿಯಿತು. ಬಾಬಣ್ಣ ಬಂದು ಮೆಟ್ಟಿಲ ಮೇಲೆ ಕೂತು ನೋಡಿದ. ವಿಷಯ ಹೇಳಿದರೆ ಅವನಿಗೆ ಬೇಸರವೇನೂ ಆಗಲಿಲ್ಲ. ‘ಆರೆ ಇಷ್ಟ್ ವರ್ಷ ಬಲ್ಬ್ ಹೋಯ್ಲಿಲ್ಲ ಅಲ್ದಾ ಮಾಷ್ಟ್ರೆ?’ ಎಂದ.

ಸಂಜೆ ನೂರರ ಬಲ್ಬು ಮೊದಲ ಸಲ ನೂರರ ಹಾಗೆ ಹೊತ್ತಿತು. ಗೋಡೆಯ ಮಸಿ, ಜೇಡನ ಬಲೆ, ತೆಂಗಿನೆಣ್ಣೆ ಡಬ್ಬದ ಜಿಡ್ಡು ಎಲ್ಲ ಎದ್ದು ಕಂಡಿತು. ಅಮ್ಮ ಸುತ್ತ ನೋಡಿ, ‘ಅಯ್ಯೋ, ಇಷ್ಟ್ ಗಲೀಜಂಗೆ ಬೇಯ್ಸಿ ಹಾಕ್ತಿದ್ನಾ ನಾನ್’ ಎಂದಳು. ಅವಳಿಗೆ ನಾಚಿಕೆಯಾಗಿತ್ತು. ನಾಚಿಕೆಪಡಬೇಕಾದವನು ನಾನು, ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ. ಎಲ್ಲ ಹೇಳಿದೆ. ಸರಣಿ, ಬೋಟು, ನಲವತ್ತು, ನೂರು. ‘ನಿನ್ ಕಣ್ಣಿಗೆ ಎಂತದೂ ಆಯಿಲ್ಲೆ ಅಮ್ಮ, ತಪ್ಪ್ ನಂದ್’ ಎಂದೆ. ಅವಳು ಪೊರಕೆ ತೆಗೆದುಕೊಂಡು ಬಲೆ ತೆಗೆಯತೊಡಗಿದಳು.

ಮರುದಿನ ಸಂಜೆ ಅವಳು ಗೆರಸಿಯಲ್ಲಿ ಅಕ್ಕಿ ಹರಡಿಕೊಂಡು ಆ ಬಲ್ಬಿನ ಕೆಳಗೆ ಕೂತಿದ್ದಳು. ಬಹಳ ಹೊತ್ತು ಬೆರಳಾಡಿಸಿದಳು. ‘ಒಂದ್ ಕಲ್ಲೂ ಕಾಂತಿಲ್ಲೆ. ನನ್ ಕಣ್ಣ್ ಹೋದ್ದ್ ಹೌದ್’ ಎಂದಳು. ಈಗಿನ ಅಕ್ಕಿ ಮಿಲ್ಲಿನಲ್ಲೇ ಯಂತ್ರದಲ್ಲಿ ಸ್ವಚ್ಛವಾಗಿ ಬರುತ್ತದೆ, ಕಲ್ಲೇ ಇರುವುದಿಲ್ಲ ಎಂದೆ. ಅವಳು ನಂಬಲಿಲ್ಲ. ಏಳು ವರ್ಷದ ಹಿಂದೆ ಮರುಮಾತಿಲ್ಲದೆ ನಂಬಿದವಳು ಈಗ ನಿಜ ಹೇಳಿದರೆ ನಂಬಲಿಲ್ಲ.

ನಾನು ಮಾಡಿದ್ದು ಕೇಳಿದರೆ ನಗುತ್ತೀರಿ. ಅದರ ಮರುದಿನ, ಅವಳು ಬಾವಿಕಟ್ಟೆಯಲ್ಲಿದ್ದಾಗ, ಅಂಗಳದ ಪಾಗಾರ ಗೋಡೆಯ ಬುಡದಿಂದ ಸಣ್ಣ ಸಣ್ಣ ನಾಲ್ಕು ಹರಳು ಹೆಕ್ಕಿ ತಂದು ಅಕ್ಕಿಯಲ್ಲಿ ಬೆರೆಸಿಟ್ಟೆ. ಸಂಜೆ ಚಾವಡಿಯಲ್ಲಿ ಪತ್ರಿಕೆ ತಿದ್ದುವವನ ಹಾಗೆ ಕೂತು ಕಾದೆ. ಸ್ವಲ್ಪ ಹೊತ್ತಿಗೆ ಅಮ್ಮ ಕರೆದಳು. ಅವಳ ಅಂಗೈಯಲ್ಲಿ ನಾಲ್ಕೂ ಇದ್ದವು.

‘ಅಕ್ಕಿ ಕಲ್ಲ್ ಬೆಳ್ಳಗಿರತ್ತ್ ಮಗಾ. ಇದ್ ನಮ್ ಪಾಗಾರದ್ ಕೆಂಪ್ ಮುರಕಲ್ಲ್. ನೀನೇ ಹಾಕ್ದ್ ಅಲ್ದಾ?’

ಹೌದು ಎಂದೆ.

‘ನಂಗೆ ಅವತ್ತೂ ಕಾಂತಿತ್ತ್. ಹಗ್ಲಂಗೆ ಸೂಜಿಗೆ ನೂಲ್ ಹಾಕ್ತಿದ್ದೆ. ಆರೆ ನೀ ಹೋಯ್ತ್ ಅಂದೆ. ಇಷ್ಟ್ ಓದ್ದವ್ನಿಗೆ ಗೊತ್ತಿಲ್ದೆ ಇರತ್ತಾ ಅಂದ್ ಸುಮ್ನಾದೆ.’ ಹರಳುಗಳನ್ನು ಕಿಟಕಿಯಿಂದ ಹೊರಗೆ ಎಸೆದಳು. ‘ಇನ್ನ್ ಕಲ್ಲೆಲ್ಲ ಹಾಕ್ಬ್ಯಾಡ. ನಿಂಗೆ ಅಷ್ಟ್ ಬ್ಯಾಜಾರ್ ಆರೆ ಇಲ್ಲೇ ಬಂದ್ ಕೂಕೋ.’

ಮಣೆ ಎಳೆದುಕೊಂಡು ಒಲೆಯ ಎದುರು ಕೂತೆ. ಅವಳು ಬಟ್ಟಲಿಗೆ ಅನ್ನ ಹಾಕಿ, ಸಾರು ಬಡಿಸಲು ನನ್ನತ್ತ ಬಗ್ಗಿದಳು. ಬಲ್ಬಿನ ಬೆಳಕು ನೇರವಾಗಿ ಅವಳ ಮುಖದ ಮೇಲೆ ಬಿದ್ದಿತ್ತು. ಕೂದಲು ಪೂರಾ ಬಿಳಿಯಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಅಮ್ಮನಿಗೆ ಅಷ್ಟು ವಯಸ್ಸಾಗಿದ್ದು ನನಗೆ ಅಲ್ಲಿಯ ತನಕ ಕಂಡೇ ಇರಲಿಲ್ಲ.